ಸೇಫ್‌ಗಾರ್ಡ್ ಡ್ಯೂಟಿ ಕೇಳೋದು ಹೇಗೆ, ಅದು ಬಂದ್ರೆ ಸಣ್ಣ ಯುನಿಟ್‌ನವರು ಏನ್ ಮಾಡ್ಬೇಕು

ಹೊರಗಿಂದ ಮಾಲು ಬಂದು ಸುರೀತಾ ಇದೆ, ನಮ್ಮ ರೇಟಿಗೆ ಯಾರೂ ತಗೊಳ್ತಿಲ್ಲ, ಸರ್ಕಾರ ಏನಾದ್ರೂ ಮಾಡ್ಬೇಕು ಅನ್ನೋ ಮಾತು ಯಾವ ಇಂಡಸ್ಟ್ರಿ ಅಸೋಸಿಯೇಶನ್ ಮೀಟಿಂಗಿಗೆ ಹೋದ್ರೂ ಕೇಳ್ಸತ್ತೆ. ಆದ್ರೆ ಆ "ಏನಾದ್ರೂ" ಅಂದ್ರೆ ಏನು, ಯಾವ ಆಫೀಸಿಗೆ ಹೋಗ್ಬೇಕು, ಯಾವ ಕಾನೂನಿನ ಕೆಳಗೆ ಕೇಳ್ಬೇಕು, ಏನೇನು ಪೇಪರ್ ಬೇಕು ಅಂದ್ರೆ ಅಲ್ಲಿಗೆ ಮೀಟಿಂಗ್ ನಿಂತು ಹೋಗತ್ತೆ. ಮನವಿ ಪತ್ರ ಬರೆದು ಮಂತ್ರಿಗಳಿಗೆ ಕೊಟ್ಟು ಫೋಟೋ ತೆಗೆಸ್ಕೊಂಡು ವಾಪಸ್ ಬಂದ್ರೆ ಕೆಲಸ ಆಗಲ್ಲ, ಇದಕ್ಕೆ ಸೇಫ್‌ಗಾರ್ಡ್ ಡ್ಯೂಟಿ, ಅಂದ್ರೆ ಇದ್ದಕ್ಕಿದ್ದಂಗೆ ಏರಿದ ಇಂಪೋರ್ಟ್ ಮೇಲೆ ಸ್ವಲ್ಪ ವರ್ಷಕ್ಕೆ ಹಾಕೋ ಹೆಚ್ಚುವರಿ ಸುಂಕ, ಅಂತ ಒಂದು ಪಕ್ಕಾ ದಾರಿ ಇದೆ, ಅದನ್ನೇ ಇಲ್ಲಿ ಹಂತ ಹಂತವಾಗಿ ಬರೀತಿದೀನಿ.

ಉದಾಹರಣೆಗೆ ಸ್ಟೀಲ್ ತಗೊಳ್ತೀನಿ, ಯಾಕಂದ್ರೆ ಇತ್ತೀಚಿನ ದೊಡ್ಡ ಕೇಸ್ ಅದೇ, ಮತ್ತೆ ಅದರ ಎರಡೂ ಕಡೆಯವರು ನಮ್ಮ ರಾಜ್ಯದಲ್ಲೇ ಇದಾರೆ. ಬಳ್ಳಾರಿ ಜಿಲ್ಲೆ ತೋರಣಗಲ್ಲಲ್ಲಿ ಕಾಯಿಲ್ (ಸುರುಳಿ ಸುತ್ತಿದ ಸ್ಟೀಲ್ ಶೀಟ್) ತಯಾರು ಮಾಡೋರಿಗೆ ಡ್ಯೂಟಿ ಬೇಕು, ಪೀಣ್ಯದಲ್ಲಿ ಅದೇ ಕಾಯಿಲನ್ನ ಕತ್ತರಿಸಿ ಬೆಂಡ್ ಮಾಡಿ ಪ್ಯಾನೆಲ್, ಬ್ರಾಕೆಟ್ ಮಾಡೋರಿಗೆ ಡ್ಯೂಟಿ ಅಂದ್ರೆ ಖರ್ಚು. ನನ್ನ ಕಳಕಳಿ ಮುಖ್ಯವಾಗಿ ಈ ಎರಡನೇ ಗುಂಪಿನ ಬಗ್ಗೆ. ಡ್ಯೂಟಿ ಕೇಳೋರ ಹತ್ರ ವಕೀಲರು, ಕನ್ಸಲ್ಟೆಂಟ್‌ಗಳು ಎಲ್ಲಾ ಇರ್ತಾರೆ, ಡ್ಯೂಟಿ ಕಟ್ಟೋ ಸಣ್ಣವರಿಗೆ ತಮಗೂ ಮಾತಾಡೋ ಹಕ್ಕು ಇದೆ ಅನ್ನೋದೇ ಎಷ್ಟೋ ಸಲ ಗೊತ್ತಿರಲ್ಲ.

ಮೊದ್ಲು: ನಿಮ್ಮ ಸಮಸ್ಯೆಗೆ ಇದೇ ಮದ್ದಾ ಅಂತ ನೋಡ್ಕೊಳ್ಳಿ

ಇಂಪೋರ್ಟ್ ವಿರುದ್ಧ ಭಾರತದಲ್ಲಿ ಮುಖ್ಯವಾಗಿ ಮೂರು ಅಸ್ತ್ರ ಇದೆ, ಮೂರೂ 1975ರ ಕಸ್ಟಮ್ಸ್ ಟ್ಯಾರಿಫ್ ಆಕ್ಟ್ ಒಳಗೇ ಬರತ್ತೆ. ಹೊರದೇಶದವನು ತನ್ನ ದೇಶದಲ್ಲಿ ಮಾರೋ ರೇಟಿಗಿಂತ ಕಮ್ಮಿಗೆ ಇಲ್ಲಿ ತಂದು ಹಾಕ್ತಿದ್ರೆ ಅದು ಡಂಪಿಂಗ್, ಸೆಕ್ಷನ್ 9ಎ ಕೆಳಗೆ ಆಂಟಿ ಡಂಪಿಂಗ್ ಡ್ಯೂಟಿ ಕೇಳ್ಬೇಕು. ಅವನ ಸರ್ಕಾರ ಸಬ್ಸಿಡಿ ಕೊಟ್ಟು ಕಳಿಸ್ತಿದ್ರೆ ಸೆಕ್ಷನ್ 9, ಕೌಂಟರ್‌ವೇಲಿಂಗ್ ಡ್ಯೂಟಿ. ಈ ಎರಡರಲ್ಲೂ ಎದುರು ಪಾರ್ಟಿ ತಪ್ಪು ಮಾಡಿದಾನೆ ಅಂತ ತೋರಿಸ್ಬೇಕಾಗತ್ತೆ. ಸೆಕ್ಷನ್ 8ಬಿ, ಅಂದ್ರೆ ಸೇಫ್‌ಗಾರ್ಡ್, ಹಂಗಲ್ಲ. ಅವನು ನ್ಯಾಯವಾಗೇ ಮಾರ್ತಿರಬಹುದು, ಆದ್ರೂ ಮಾಲು ಇದ್ದಕ್ಕಿದ್ದಂಗೆ ಜಾಸ್ತಿ ಬಂದು ಇಲ್ಲಿನ ಇಂಡಸ್ಟ್ರಿಗೆ ಗಂಭೀರ ಪೆಟ್ಟು ಬಿದ್ದಿದೆ, ಸುಧಾರಿಸ್ಕೊಳ್ಳೋಕೆ ಸ್ವಲ್ಪ ವರ್ಷ ಟೈಮ್ ಕೊಡಿ ಅಂತ ಕೇಳೋದು ಇದು. ತಪ್ಪಿಲ್ಲದವನ ಮೇಲೂ ಹಾಕೋ ಡ್ಯೂಟಿ ಆಗಿರೋದ್ರಿಂದ ಪೆಟ್ಟಿನ ಪ್ರಮಾಣ ಉಳಿದ ಎರಡಕ್ಕಿಂತ ದೊಡ್ಡದಾಗಿ ತೋರಿಸ್ಬೇಕು. ಒಂದೇ ದೇಶದ ಮೇಲೆ ಅಂತ ಗುರಿ ಇಟ್ಟು ಹಾಕೋ ಹಂಗೂ ಇಲ್ಲ, ಎಲ್ಲಿಂದ ಬಂದ್ರೂ ಅನ್ವಯ ಆಗ್ಬೇಕು.

ಒಂದು ವಿನಾಯಿತಿ ಇದೆ. ಅಭಿವೃದ್ಧಿಶೀಲ ದೇಶವೊಂದರ ಪಾಲು ಒಟ್ಟು ಇಂಪೋರ್ಟಲ್ಲಿ 3%ಗಿಂತ ಕಮ್ಮಿ ಇದ್ದು, ಅಂಥ ದೇಶಗಳೆಲ್ಲಾ ಸೇರಿ 9% ದಾಟದಿದ್ರೆ ಅವಕ್ಕೆ ಡ್ಯೂಟಿ ಬೀಳಲ್ಲ. ಸ್ಟೀಲ್ ಕೇಸಲ್ಲಿ ಎಷ್ಟೋ ಅಭಿವೃದ್ಧಿಶೀಲ ದೇಶಗಳನ್ನ ಬಿಟ್ಟು ಚೀನಾ, ವಿಯೆಟ್ನಾಂನಂಥವನ್ನ ಒಳಗೆ ಇಟ್ಟಿದ್ದು ಇದೇ ಲೆಕ್ಕದಲ್ಲಿ.

ಅಡಿಕೆ ಬೆಳೆಗಾರರು ಈ ವಿಷಯ ಬಂದಾಗೆಲ್ಲಾ ಕೇಳ್ತಾರೆ, ಅದಕ್ಕೇ ಹೇಳ್ಬಿಡ್ತೀನಿ: ಅಡಿಕೆ ಮೇಲೆ ಇರೋದು ಕನಿಷ್ಠ ಆಮದು ಬೆಲೆ, 2023ರ ಫೆಬ್ರವರಿಯಲ್ಲಿ ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದ್ರಲ್ಲ ಅದು. ಅದು ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಆದೇಶ, ದಾರಿಯೇ ಬೇರೆ, ಅದಕ್ಕೆ ಈ ತನಿಖೆ, ವಿಚಾರಣೆ ಯಾವ್ದೂ ಇರಲ್ಲ.

ಅರ್ಜಿ ಯಾರು ಹಾಕ್ಬಹುದು

ಒಬ್ಬರೇ ಸಣ್ಣ ತಯಾರಕರು ಹಾಕಿದ್ರೆ ಸಾಮಾನ್ಯವಾಗಿ ನಿಲ್ಲಲ್ಲ. ಆ ಮಾಲಿನ ದೇಶದ ಒಟ್ಟು ಉತ್ಪಾದನೆಯಲ್ಲಿ ದೊಡ್ಡ ಪಾಲು ನಿಮ್ಮ ಗುಂಪಿನ ಕೈಲಿರ್ಬೇಕು. ಅದಕ್ಕೇ ಅಸೋಸಿಯೇಶನ್ ಮೂಲಕ ಹೋಗೋದು. ಸ್ಟೀಲ್ ಅರ್ಜಿ ಕೊಟ್ಟಿದ್ದು ಇಂಡಿಯನ್ ಸ್ಟೀಲ್ ಅಸೋಸಿಯೇಶನ್, ಜೆಎಸ್‌ಡಬ್ಲ್ಯು, ಸೇಲ್, ಆರ್ಸೆಲರ್‌ಮಿತ್ತಲ್ ನಿಪ್ಪಾನ್ ಇಂಡಿಯಾ, ಜಿಂದಾಲ್ ಸ್ಟೀಲ್ ಇವರೆಲ್ಲರ ಪರವಾಗಿ. ಅರ್ಜಿ ಹೋಗೋದು ದೆಹಲಿಯ ಡಿಜಿಟಿಆರ್‌ಗೆ, ಅಂದ್ರೆ ವಾಣಿಜ್ಯ ಸಚಿವಾಲಯದ ಕೆಳಗಿರೋ ಟ್ರೇಡ್ ರೆಮಿಡೀಸ್ ಮಹಾನಿರ್ದೇಶನಾಲಯ, ಪಾರ್ಲಿಮೆಂಟ್ ಸ್ಟ್ರೀಟಿನ ಜೀವನ್ ತಾರಾ ಬಿಲ್ಡಿಂಗ್. 2018ಕ್ಕೆ ಮುಂಚೆ ಸೇಫ್‌ಗಾರ್ಡಿಗೆ ಬೇರೆ ಆಫೀಸ್ ಇತ್ತು, ಈಗ ಮೂರೂ ಒಂದೇ ಕಡೆ. ಯಾರೂ ಅರ್ಜಿ ಹಾಕದಿದ್ರೂ ಡಿಜಿಟಿಆರ್ ತಾನೇ ಕೇಸ್ ಶುರು ಮಾಡ್ಬಹುದು ಅಂತ ರೂಲ್ ಇದೆ, ಆದ್ರೆ ಅದನ್ನ ನಂಬ್ಕೊಂಡು ಕೂರಬೇಡಿ.

ಇನ್ನೊಂದು ವಿಷಯ, ನಿಮ್ಮ ಗುಂಪಿನಲ್ಲಿ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಒಳಗಿರೋ ಫ್ಯಾಕ್ಟರಿಗಳು ಇದಾವಾ ಅಂತ ಮೊದಲೇ ನೋಡ್ಕೊಳ್ಳಿ. 2018ರ ಜುಲೈ 30ಕ್ಕೆ ಸೋಲಾರ್ ಸೆಲ್, ಮಾಡ್ಯೂಲ್ ಮೇಲೆ 25% ಸೇಫ್‌ಗಾರ್ಡ್ ಬಂತಲ್ಲ, ಆಗ ಇಲ್ಲಿನ ಸೆಲ್ ತಯಾರಕರಲ್ಲೇ ಎಷ್ಟೋ ಜನ ಎಸ್‌ಇಝಡ್‌ನಲ್ಲಿದ್ರು, ಅಲ್ಲಿಂದ ದೇಶದೊಳಗಿನ ಮಾರ್ಕೆಟ್ಟಿಗೆ ಮಾಲು ಬಿಟ್ರೆ ಅದೂ ಇಂಪೋರ್ಟ್ ಲೆಕ್ಕವೇ, ಹಂಗಾಗಿ ಯಾರನ್ನ ಕಾಪಾಡೋಕೆ ಡ್ಯೂಟಿ ಬಂತೋ ಅವರ ಮಾಲಿನ ಮೇಲೇ ಡ್ಯೂಟಿ ಬಿತ್ತು.

ಮಾಲು ಯಾವ್ದು ಅಂತ ಗೆರೆ ಎಳೆಯೋದು

ಸ್ಟೀಲ್ ಅಂತ ಬರೆದ್ರೆ ಸಾಲಲ್ಲ. ಯಾವ ಎಚ್‌ಎಸ್ ಕೋಡ್ (ಕಸ್ಟಮ್ಸಲ್ಲಿ ಒಂದೊಂದು ಥರದ ಮಾಲಿಗೂ ಇರೋ ನಂಬರ್), ಯಾವ ದಪ್ಪ, ಯಾವ ಗ್ರೇಡ್, ಕೋಟಿಂಗ್ ಇದೆಯಾ ಇಲ್ವಾ, ಎಲ್ಲಾ ಬರೀಬೇಕು. ಸ್ಟೀಲ್ ಕೇಸಲ್ಲಿ ಇದ್ದಿದ್ದು ಅಲಾಯ್ ಮತ್ತು ನಾನ್ ಅಲಾಯ್ ಫ್ಲಾಟ್ ಪ್ರಾಡಕ್ಟ್, ಅಂದ್ರೆ ಹಾಟ್ ರೋಲ್ಡ್ ಕಾಯಿಲ್, ಪ್ಲೇಟ್, ಕೋಲ್ಡ್ ರೋಲ್ಡ್, ಮೆಟಾಲಿಕ್ ಕೋಟೆಡ್, ಕಲರ್ ಕೋಟೆಡ್. ಸ್ಟೇನ್‌ಲೆಸ್ ಹೊರಗೆ. ಭದ್ರಾವತಿಯ ಕಾರ್ಖಾನೆಗೆ ಇದರಿಂದ ಲಾಭ ಆಗತ್ತಾ ಅಂತ ಕೇಳೋರಿದಾರೆ, ಅಲ್ಲಿಯ ಹೆಸರು ಇರೋದು ಬಾರ್, ಫೋರ್ಜಿಂಗಿಗೆ, ಈ ಡ್ಯೂಟಿ ಫ್ಲಾಟಿಗೆ, ಹಂಗಾಗಿ ನೇರವಾಗಿ ಇಲ್ಲ.

ಬಳಸೋರು ಎಚ್ಚರವಾಗಿರ್ಬೇಕಾದ ಜಾಗ ಇದೇ. ನಿಮಗೆ ಬೇಕಿರೋ ಗ್ರೇಡ್ ಇಲ್ಲಿ ಯಾರೂ ತಯಾರು ಮಾಡ್ತಿಲ್ಲ ಅಂದ್ರೆ ಅದನ್ನ ಹೊರಗಿಡಿ ಅಂತ ಕೇಳ್ಬಹುದು, ಮತ್ತೆ ಈ ಬೇಡಿಕೆಗಳು ಸುಮಾರು ಸಲ ಫಲ ಕೊಡತ್ತೆ. ಆದ್ರೆ "ಇಲ್ಲಿನ ಕ್ವಾಲಿಟಿ ಚೆನ್ನಾಗಿಲ್ಲ" ಅಂದ್ರೆ ಯಾರೂ ಕೇಳಲ್ಲ. ಇಂಥ ಸ್ಪೆಸಿಫಿಕೇಶನ್‌ಗೆ ಇಂಥ ತಾರೀಖು ಇಂತಿಂಥ ಮಿಲ್ಲಿಗೆ ಎನ್‌ಕ್ವೈರಿ ಕಳಿಸಿದ್ವಿ, ಆಗಲ್ಲ ಅಂತ ಮೇಲ್ ಬಂದಿದೆ ಅಂತ ಆ ಮೇಲನ್ನೇ ಇಡಿ. ಈಗಿಂದ್ಲೇ ಅಂಥ ಮೇಲ್‌ಗಳನ್ನ ಒಂದು ಫೋಲ್ಡರಿಗೆ ಹಾಕಿಡೋ ಅಭ್ಯಾಸ ಮಾಡ್ಕೊಳ್ಳಿ, ಫೋನಲ್ಲಿ ಮಾತಾಡಿದ್ದು ಲೆಕ್ಕಕ್ಕೆ ಬರಲ್ಲ.

ಅಂಕಿ ಅಂಶ: ಕೇಸ್ ಗೆಲ್ಲೋದೂ ಸೋಲೋದೂ ಇಲ್ಲೇ

ಮೂರು ವಿಷಯ ತೋರಿಸ್ಬೇಕು. ಇಂಪೋರ್ಟ್ ಹೆಚ್ಚಾಗಿದೆ, ಇಂಡಸ್ಟ್ರಿಗೆ ಗಂಭೀರ ಪೆಟ್ಟು ಬಿದ್ದಿದೆ ಇಲ್ಲಾ ಬೀಳೋ ಹಂಗಿದೆ, ಮತ್ತೆ ಇದು ಅದರಿಂದಲೇ ಆಗಿದ್ದು.

ಇಂಪೋರ್ಟ್ ಎಷ್ಟು ಅನ್ನೋದನ್ನ ಎರಡು ಥರ ತೋರಿಸ್ತಾರೆ, ಎಷ್ಟು ಟನ್ ಬಂತು ಅಂತ ಒಂದು, ಇಲ್ಲಿನ ಉತ್ಪಾದನೆಗೆ ಹೋಲಿಸಿದ್ರೆ ಎಷ್ಟು ಅಂತ ಇನ್ನೊಂದು. ಮೇಲ್ನೋಟದ ಲೆಕ್ಕ ವಾಣಿಜ್ಯ ಸಚಿವಾಲಯದ ವೆಬ್‌ಸೈಟಲ್ಲಿ ಎಂಟಂಕಿ ಕೋಡ್ ಹಾಕಿದ್ರೆ ಫ್ರೀಯಾಗೇ ಸಿಗತ್ತೆ, ಅರ್ಜಿಗೆ ಬೇಕಾಗೋ ಒಂದೊಂದು ಕನ್ಸೈನ್‌ಮೆಂಟಿನ ಡೇಟಾ ಕೋಲ್ಕತ್ತಾದಲ್ಲಿರೋ ವ್ಯಾಪಾರ ಅಂಕಿ ಅಂಶದ ಸರ್ಕಾರಿ ಕಚೇರಿ ಡಿಜಿಸಿಐ ಅಂಡ್ ಎಸ್‌ನಿಂದ ತರಿಸ್ಬೇಕು. ನಿಧಾನಕ್ಕೆ ಏರಿದ ಇಂಪೋರ್ಟ್ ಸಾಲಲ್ಲ. ಅರ್ಜೆಂಟೀನಾದ ಚಪ್ಪಲಿ ಬೂಟಿನ ಕೇಸಲ್ಲಿ ಡಬ್ಲ್ಯುಟಿಓ (ವಿಶ್ವ ವ್ಯಾಪಾರ ಸಂಸ್ಥೆ) ಮೇಲ್ಮನವಿ ಪೀಠ ಹೇಳಿದ್ದು ಇವತ್ತಿಗೂ ಅಳತೆಗೋಲು, ಏರಿಕೆ ಇತ್ತೀಚಿನದ್ದಾಗಿರ್ಬೇಕು, ದಿಢೀರ್ ಆಗಿರ್ಬೇಕು, ತೀವ್ರವಾಗಿರ್ಬೇಕು, ದೊಡ್ಡದಾಗಿರ್ಬೇಕು.

ಪೆಟ್ಟಿನ ಶೀಟ್ ಹೆಂಗಿರತ್ತೆ ಅಂದ್ರೆ, ಮೇಲ್ಗಡೆ ವರ್ಷಗಳು, ಹಿಂದಿನ ಮೂರ್ನಾಲ್ಕು ವರ್ಷ, ಎಡಗಡೆ ಒಂದರ ಕೆಳಗೊಂದು ಸಾಲು: ಕೆಪ್ಯಾಸಿಟಿ, ಉತ್ಪಾದನೆ, ಕೆಪ್ಯಾಸಿಟಿಯಲ್ಲಿ ಎಷ್ಟು ಭಾಗ ಓಡಿದೆ, ಮಾರಾಟ, ಮಾರ್ಕೆಟ್ ಪಾಲು, ಸ್ಟಾಕ್, ಲಾಭ ನಷ್ಟ, ಕೆಲಸಗಾರರ ಸಂಖ್ಯೆ, ತಲಾ ಉತ್ಪಾದನೆ. ಈಗ ಈ ಸಾಲುಗಳನ್ನ ಒಟ್ಟಿಗೆ ಓದಿ. ಉತ್ಪಾದನೆ ಏರಿದೆ, ಮಾರಾಟ ಏರಿದೆ, ಲಾಭ ಮಾತ್ರ ಬಿದ್ದಿದೆ ಅಂತಿಟ್ಕೊಳ್ಳಿ, ಆಗ ಎದುರು ಪಾರ್ಟಿ ವಕೀಲರು ಮೊದಲ ಪ್ರಶ್ನೆಯಾಗಿ ಕೇಳೋದೇ ಕಲ್ಲಿದ್ದಲು ರೇಟ್ ಏರಿದ್ದಕ್ಕೆ ಲಾಭ ಬಿತ್ತಾ, ಹೊಸ ಪ್ಲಾಂಟಿನ ಬಡ್ಡಿಗೆ ಬಿತ್ತಾ ಅಂತ. ಬೇರೆ ಕಾರಣಕ್ಕೆ ಆದ ನಷ್ಟಾನ ಇಂಪೋರ್ಟ್ ತಲೆಗೆ ಕಟ್ಟೋ ಹಂಗಿಲ್ಲ ಅಂತ ರೂಲಲ್ಲೇ ಇದೆ. ಅದಕ್ಕೆ ಆ ಕಾರಣಗಳನ್ನ ನೀವೇ ಮೊದಲು ಬರೆದು, ಅದನ್ನ ಬೇರೆ ಮಾಡಿ, ಉಳಿದ ಪೆಟ್ಟು ಇಷ್ಟು ಅಂತ ತೋರಿಸಿ. ಕಮ್ಮಿ ಕಂಡ್ರೂ ಪರ್ವಾಗಿಲ್ಲ, ಅದೇ ನಿಲ್ಲೋ ಲೆಕ್ಕ.

ಪೆಟ್ಟು ಇನ್ನೂ ಬಿದ್ದಿಲ್ಲ, ಬೀಳೋ ಅಪಾಯ ಇದೆ ಅಂತ ವಾದ ಮಾಡೋದಾದ್ರೆ ಹೊರಗಿನ ಪರಿಸ್ಥಿತಿ ತೋರಿಸ್ಬೇಕು. 2024ರಲ್ಲಿ ಚೀನಾ 11 ಕೋಟಿ ಟನ್ನಿಗೂ ಜಾಸ್ತಿ ಸ್ಟೀಲ್ ಹೊರಗೆ ಕಳಿಸ್ತು, ಅಮೆರಿಕ 2025ರ ಮಾರ್ಚಲ್ಲಿ 25%, ಜೂನಲ್ಲಿ 50% ಅಂತ ಸ್ಟೀಲಿಗೆ ಬಾಗಿಲು ಹಾಕ್ತು. ಅಲ್ಲಿಗೆ ಹೋಗ್ಬೇಕಿದ್ದ ಮಾಲು ಇನ್ನೆಲ್ಲಿಗೆ ತಿರುಗತ್ತೆ ಅನ್ನೋದು ನಿಜವಾದ ಪ್ರಶ್ನೆ. ಇಂಥ ಬದಲಾವಣೆಯನ್ನ ಮುಂಚೆ ಊಹಿಸೋಕೆ ಆಗ್ತಿರಲಿಲ್ಲ ಅನ್ನೋದನ್ನೂ ಬರೀಲೇಬೇಕು, ಗ್ಯಾಟ್ ಅನ್ನೋ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ 19ನೇ ವಿಧಿ ಅದನ್ನ ಕೇಳತ್ತೆ. ಈ ಭಾಗ ತೆಳ್ಳಗೆ ಬರೆದ್ರೆ ಮುಂದೆ ಕಷ್ಟ. 2015ರ ಸೆಪ್ಟೆಂಬರಲ್ಲಿ ಹಾಟ್ ರೋಲ್ಡ್ ಕಾಯಿಲ್ ಮೇಲೆ ಭಾರತ 20% ಹಾಕಿದ್ದಕ್ಕೆ ಜಪಾನ್ ಡಬ್ಲ್ಯುಟಿಓಗೆ ಹೋಯ್ತು, 2018ರಲ್ಲಿ ಅಲ್ಲಿನ ಪ್ಯಾನೆಲ್ ಹಲವು ಅಂಶಗಳಲ್ಲಿ ನಮ್ಮ ವಿರುದ್ಧವೇ ಹೇಳ್ತು.

ಸುಧಾರಣೆ ಪ್ಲಾನ್

ಡ್ಯೂಟಿ ಇರೋ ವರ್ಷಗಳಲ್ಲಿ ನೀವೇನ್ ಮಾಡ್ತೀರಿ ಅಂತ ಅರ್ಜಿ ಜೊತೆಗೇ ಬರೆದುಕೊಡ್ಬೇಕು, ಇದು ರೂಲು. ಎಷ್ಟೋ ಜನ ಇದನ್ನ ಕೊನೇ ದಿನ ಅರ್ಧ ಪುಟ ಗೀಚಿ ಹಾಕ್ತಾರೆ, ನನಗಂತೂ ಇದೇ ಅರ್ಜಿಯ ಜೀವ ಅನ್ಸತ್ತೆ. ದೇಶದ ಗ್ರಾಹಕರು ಜಾಸ್ತಿ ದುಡ್ಡು ಕೊಟ್ಟು ನಿಮಗೆ ಟೈಮ್ ಕೊಂಡುಕೊಡ್ತಿದಾರೆ. ಯಾವ ಮಷಿನ್ ಯಾವ ವರ್ಷ ಬರತ್ತೆ, ಟನ್ನಿಗೆ ಕರೆಂಟ್ ಖರ್ಚು ಎಷ್ಟರಿಂದ ಎಷ್ಟಕ್ಕೆ ಇಳಿಯತ್ತೆ ಅಂತ ಆಮೇಲೆ ಯಾರಾದ್ರೂ ಚೆಕ್ ಮಾಡೋಕೆ ಆಗೋ ಥರ ಬರೀರಿ.

ತನಿಖೆ ಶುರುವಾದ್ಮೇಲೆ: ಬಳಸೋರು ಏಳ್ಬೇಕಾದ ಹೊತ್ತು

ಮೇಲ್ನೋಟಕ್ಕೆ ಕೇಸ್ ಇದೆ ಅನ್ಸಿದ್ರೆ ಡಿಜಿಟಿಆರ್ ಸಾರ್ವಜನಿಕ ನೋಟಿಸ್ ಹೊರಡಿಸತ್ತೆ, ಸ್ಟೀಲಿಗೆ ಇದು ಬಂದಿದ್ದು 2024ರ ಡಿಸೆಂಬರ್ 19ಕ್ಕೆ. ಆ ನೋಟಿಸಲ್ಲೇ ಉತ್ತರ ಕೊಡೋಕೆ ಗಡುವು ಇರತ್ತೆ, ರೂಲ್ ಪ್ರಕಾರ 30 ದಿನ, ಕೇಳ್ಕೊಂಡ್ರೆ ಸ್ವಲ್ಪ ಮುಂದಕ್ಕೆ ಹೋಗ್ಬಹುದು.

ಇಲ್ಲಿ ನೀವು ಮಾಡ್ಬೇಕಾಗಿರೋದು ಇಷ್ಟು. ನೋಟಿಸ್ ಬಂದ ವಾರದಲ್ಲೇ ಆಸಕ್ತ ಪಾರ್ಟಿ ಅಂತ ಹೆಸರು ನೋಂದಾಯಿಸ್ಕೊಳ್ಳಿ, ಒಬ್ಬೊಬ್ಬರೇ ಆಗಲ್ಲ ಅಂದ್ರೆ ಕಾಸಿಯಾನೋ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ) ಪೀಣ್ಯ ಇಂಡಸ್ಟ್ರೀಸ್ ಅಸೋಸಿಯೇಶನ್ನೋ ನಿಮ್ಮ ಸಂಘ ಯಾವ್ದಿದ್ಯೋ ಅದರ ಮೂಲಕ. ಆ ಮಾಲನ್ನ ಬಳಸೋ ಇಂಡಸ್ಟ್ರಿಗಳಿಗೂ, ಅಂಗಡೀಲಿ ಮಾರೋ ವಸ್ತು ಆದ್ರೆ ಗ್ರಾಹಕ ಸಂಘಟನೆಗಳಿಗೂ ಮಾತಾಡೋಕೆ ಅವಕಾಶ ಕೊಡ್ಬೇಕು ಅಂತ 1997ರ ಸೇಫ್‌ಗಾರ್ಡ್ ರೂಲ್ಸಲ್ಲೇ ಬರೆದಿದೆ. ಯಾರೋ ದೊಡ್ಡ ಮನಸ್ಸು ಮಾಡಿ ಕೊಡೋದಲ್ಲ ಅದು. ಆಮೇಲೆ ಅರ್ಜಿದಾರರು ಕೊಟ್ಟಿರೋ ಅರ್ಜಿಯ ಗೋಪ್ಯವಲ್ಲದ ಕಾಪಿ ತರಿಸ್ಕೊಂಡು ಓದಿ, ಅದರಲ್ಲಿ ಕಂಪನಿಗಳ ಅಂಕಿಗಳನ್ನ ಮುಚ್ಚಿರ್ತಾರೆ, ಆದ್ರೆ ಮೊದಲ ವರ್ಷ 100 ಅಂತಿಟ್ರೆ ಈಗ ಎಷ್ಟು ಅನ್ನೋ ಇಂಡೆಕ್ಸ್ ಕೊಟ್ಟಿರ್ತಾರೆ, ಅದರಲ್ಲೇ ಸಾಕಷ್ಟು ಗೊತ್ತಾಗತ್ತೆ.

ಬರೆಯೋವಾಗ "ಸ್ಟೀಲ್ ರೇಟ್ ಏರಿದ್ರೆ ನಾವು ಸತ್ತೋಗ್ತೀವಿ" ಅಂತ ಬರೀಬೇಡಿ, ನಿಜ ಆಗಿದ್ರೂ. ನೂರು ರೂಪಾಯಿ ಮಾಲಲ್ಲಿ ಶೀಟಿನ ಖರ್ಚು ಎಷ್ಟು, ಶೀಟ್ 12% ಏರಿದ್ರೆ ನಿಮ್ಮ ರೇಟ್ ಎಷ್ಟು ಏರತ್ತೆ, ಗಿರಾಕಿ ಜೊತೆ ವರ್ಷಕ್ಕೆ ಫಿಕ್ಸ್ ರೇಟ್ ಮಾತಾಗಿದ್ರೆ ಅದರಲ್ಲಿ ಎಷ್ಟು ನಿಮ್ಮ ಕೈಯಿಂದ ಹೋಗತ್ತೆ, ನಿಮ್ಮಲ್ಲಿ ಎಷ್ಟು ಜನ ಕೆಲಸ ಮಾಡ್ತಾರೆ, ಡ್ಯೂಟಿ ಬಂದಿರೋದು ಕಾಯಿಲಿಗೆ ಮಾತ್ರ, ಅದರಿಂದ ಮಾಡಿದ ರೆಡಿ ಪಾರ್ಟ್ ಹೊರಗಿಂದ ಡ್ಯೂಟಿ ಇಲ್ದೆ ಬರತ್ತಾ ಅನ್ನೋದನ್ನೆಲ್ಲಾ ಬರೀರಿ. ಈ ಕೊನೇದು ಬಹಳ ಗಟ್ಟಿ ವಾದ. ಕಚ್ಚಾ ಮಾಲಿಗೆ ಡ್ಯೂಟಿ, ಸಿದ್ಧ ಮಾಲಿಗೆ ಇಲ್ಲ ಅಂದ್ರೆ ಇಲ್ಲಿನ ವರ್ಕ್‌ಶಾಪ್ ಬಿಟ್ಟು ಗಿರಾಕಿ ಹೊರಗಿಂದ ಪಾರ್ಟನ್ನೇ ತರಿಸ್ತಾನೆ, ಆಗ ಮಿಲ್ಲಿನವರಿಗೂ ಕಾಯಿಲ್ ಮಾರೋಕೆ ಗಿರಾಕಿ ಉಳಿಯಲ್ಲ.

ಸಾರ್ವಜನಿಕ ವಿಚಾರಣೆ ಅಂತ ಒಂದು ದಿನ ಇಡ್ತಾರೆ. ಅಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದ್ರೂ, ಹೇಳಿದ್ದನ್ನ ಆಮೇಲೆ ಬರವಣಿಗೆಯಲ್ಲಿ ಕೊಟ್ರೆ ಮಾತ್ರ ದಾಖಲೆಗೆ ಬರತ್ತೆ. ಮಾತಾಡಿ ಬಂದು ಸುಮ್ಮನಾದ್ರೆ ನೀವು ಹೋಗೇ ಇಲ್ಲ ಅಂತ ಲೆಕ್ಕ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಹಿಂಜರೀಬೇಡಿ, ಡಿಜಿಟಿಆರ್‌ನಲ್ಲಿ ಹೆಲ್ಪ್‌ಡೆಸ್ಕ್ ಇದೆ, ಫಾರ್ಮ್ಯಾಟ್‌ಗಳು ವೆಬ್‌ಸೈಟಲ್ಲೇ ಇದಾವೆ, ಲೆಕ್ಕ ಸರಿಯಾಗಿ ಬರೆಯೋ ನಿಮ್ಮ ಆಡಿಟರ್ ಒಬ್ಬರು ಜೊತೆಗಿದ್ರೆ ಮಾಡ್ಬಹುದು.

ತೀರ್ಪು, ಮತ್ತೆ ಅದರ ಮಧ್ಯದ ಅನಿಶ್ಚಿತತೆ

ತಡ ಮಾಡಿದ್ರೆ ಸರಿಪಡಿಸೋಕೆ ಆಗದಷ್ಟು ಹಾನಿ ಆಗತ್ತೆ ಅನ್ಸಿದ್ರೆ ತಾತ್ಕಾಲಿಕ ಡ್ಯೂಟಿ ಹಾಕ್ತಾರೆ, ಜಾಸ್ತಿ ಅಂದ್ರೆ 200 ದಿನ. ಡಿಜಿಟಿಆರ್ ಬರೀ ಶಿಫಾರಸು ಮಾಡೋದು, ಹಾಕೋದು ಬಿಡೋದು ಹಣಕಾಸು ಸಚಿವಾಲಯದ ಕೈಲಿ. ಸ್ಟೀಲಲ್ಲಿ 2025ರ ಮಾರ್ಚಲ್ಲಿ ಪ್ರಾಥಮಿಕ ಶಿಫಾರಸು ಬಂತು, ಏಪ್ರಿಲ್ 21ಕ್ಕೆ 12% ಜಾರಿ ಆಯ್ತು. ಆಗಸ್ಟಲ್ಲಿ ಅಂತಿಮ ಶಿಫಾರಸು ಬಂತು, ಮೂರು ವರ್ಷಕ್ಕೆ 12%, 11.5%, 11% ಅಂತ. ಆದ್ರೆ ಹಣಕಾಸು ಸಚಿವಾಲಯ ಅದನ್ನ ನೋಟಿಫೈ ಮಾಡಿದ್ದು ಡಿಸೆಂಬರ್ 30ಕ್ಕೆ, ಅಷ್ಟೊತ್ತಿಗೆ ತಾತ್ಕಾಲಿಕ 200 ದಿನ ನವೆಂಬರಲ್ಲೇ ಮುಗಿದಿತ್ತು. ಶಿಫಾರಸಿನ ಸುದ್ದಿ ಪೇಪರಲ್ಲಿ ಓದಿ ಡ್ಯೂಟಿ ಬಂದೇ ಬಿಡ್ತು ಅಂತ ಯಾರೂ ಆರ್ಡರ್ ಹಾಕೋದು, ಬಿಡೋದು ಮಾಡ್ಬೇಡಿ. ನೋಟಿಫಿಕೇಶನ್ ಬರೋವರೆಗೂ ಏನೂ ಖಾತ್ರಿ ಇಲ್ಲ.

ಡ್ಯೂಟಿ ಬಂದ್ಮೇಲೆ ಲೆಕ್ಕ ಹಾಕೋದು

ನೋಟಿಫಿಕೇಶನ್ನಲ್ಲಿ ಶೇಕಡ ಎಷ್ಟು ಅಂತ ನೋಡಿ ಬಿಟ್ಬಿಡಬೇಡಿ, ಕೆಳಗಿನ ಷರತ್ತು ಓದಿ. 2025ರ ಏಪ್ರಿಲ್ ಆದೇಶದಲ್ಲಿ ಒಂದು ಮಿತಿ ಬೆಲೆ ಇತ್ತು, ಹಾಟ್ ರೋಲ್ಡ್ ಕಾಯಿಲಿಗೆ ಟನ್ನಿಗೆ 675 ಡಾಲರ್ ಸಿಐಎಫ್ (ವಿಮೆ, ಸಾಗಣೆ ಖರ್ಚೂ ಸೇರಿದ ಬೆಲೆ), ಕೋಲ್ಡ್ ರೋಲ್ಡಿಗೆ 824, ಕಲರ್ ಕೋಟೆಡಿಗೆ 964. ಅಷ್ಟಕ್ಕೆ ಅಥವಾ ಅದಕ್ಕಿಂತ ಜಾಸ್ತಿಗೆ ತರಿಸಿದ್ರೆ ಸೇಫ್‌ಗಾರ್ಡ್ ಇಲ್ಲ. ಅಂದ್ರೆ ದುಬಾರಿ ಸ್ಪೆಷಲ್ ಗ್ರೇಡ್ ತರಿಸೋರಿಗೆ ಬಿಸಿ ತಟ್ಟಲ್ಲ.

ಬಿಲ್ ಆಫ್ ಎಂಟ್ರಿಯಲ್ಲಿ (ಮಾಲು ಬಿಡಿಸ್ಕೊಳ್ಳೋಕೆ ಕಸ್ಟಮ್ಸಿಗೆ ಕೊಡೋ ಪತ್ರ) ಅಸೆಸಬಲ್ ವ್ಯಾಲ್ಯೂ, ಅಂದ್ರೆ ಡ್ಯೂಟಿ ಲೆಕ್ಕ ಹಾಕೋ ಬೆಲೆ, 1 ಲಕ್ಷ ಇದ್ರೆ 12% ಸೇಫ್‌ಗಾರ್ಡ್ 12,000. ಇದು ಸಾಮಾನ್ಯ ಕಸ್ಟಮ್ಸ್ ಡ್ಯೂಟಿ ಮೇಲೆ ಹೆಚ್ಚುವರಿ. ಸೋಷಿಯಲ್ ವೆಲ್‌ಫೇರ್ ಸರ್ಚಾರ್ಜ್ ಇದರ ಮೇಲೆ ಬರಲ್ಲ, ಐಜಿಎಸ್‌ಟಿ ಬರತ್ತೆ, 12,000ಕ್ಕೆ 18% ಅಂದ್ರೆ ಇನ್ನೂ 2,160. ಈ 2,160 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರತ್ತೆ, ಆ 12,000 ಬರಲ್ಲ, ಅದು ನಿಮ್ಮ ಖರ್ಚಿಗೇ ಸೇರತ್ತೆ. ಕೊಟೇಶನ್ ಹಾಕೋವಾಗ ಎರಡನ್ನೂ ಒಟ್ಟಿಗೆ ಸೇರಿಸ್ಬೇಡಿ.

ತಾರೀಖಿನ ವಿಷಯಕ್ಕೆ ಬಂದ್ರೆ, ಹಡಗು ಹೊರಟ ದಿನ ಲೆಕ್ಕ ಅಲ್ಲ, ಬಿಲ್ ಆಫ್ ಎಂಟ್ರಿ ಹಾಕಿದ ದಿನದ ರೇಟ್, ಮುಂಚೆನೇ ಹಾಕಿದ್ರೆ ಹಡಗು ಒಳಗೆ ಬಂದ ದಿನದ್ದು. ಡ್ಯೂಟಿ ಕಟ್ಟೋಕೆ ಮುಂಚೆ ಮಾಲು ಇಡೋ ಬಾಂಡೆಡ್ ವೇರ್‌ಹೌಸಲ್ಲಿ ಇಟ್ಟಿದ್ರೆ ಅಲ್ಲಿಂದ ಬಿಡಿಸ್ಕೊಳ್ಳೋ ಬಿಲ್ ಹಾಕಿದ ದಿನದ್ದು. ಎಕ್ಸ್‌ಪೋರ್ಟಿಗೆ ಅಂತ ಅಡ್ವಾನ್ಸ್ ಆಥರೈಸೇಶನ್ (ಎಕ್ಸ್‌ಪೋರ್ಟ್ ಮಾಲಿಗೆ ಬೇಕಾದ ಕಚ್ಚಾ ಮಾಲನ್ನ ಡ್ಯೂಟಿ ಇಲ್ದೆ ತರಿಸೋ ಪರವಾನಗಿ) ಕೆಳಗೆ ತರಿಸೋ ಮಾಲಿಗೆ ಸೇಫ್‌ಗಾರ್ಡ್ ವಿನಾಯಿತಿ ಸಿಗತ್ತೆ, ಎಕ್ಸ್‌ಪೋರ್ಟ್ ಆರ್ಡರ್ ಇರೋ ಯುನಿಟ್‌ಗಳು ನಿಮ್ಮ ಕಸ್ಟಮ್ಸ್ ಏಜೆಂಟ್ ಹತ್ರ ಇದನ್ನ ಕೇಳಿ ಪಕ್ಕಾ ಮಾಡ್ಕೊಳ್ಳಿ.

ಪೀಣ್ಯದ ಹೆಚ್ಚಿನವರು ಇಂಪೋರ್ಟ್ ಮಾಡೋದೇ ಇಲ್ಲ, ಡೀಲರ್ ಹತ್ರ ಶೀಟ್ ಕತ್ತರಿಸಿ ತಗೊಳ್ತಾರೆ, ನಮಗೇನು ಅಂತಾರೆ. ಇಲ್ಲಿನ ಮಿಲ್ಲುಗಳೂ ರೇಟ್ ಕಟ್ಟೋದು ಹೊರಗಿನ ಮಾಲು ಇಲ್ಲಿಗೆ ಬಂದಿಳಿದ್ರೆ ಎಷ್ಟಾಗತ್ತೆ ಅಂತ ನೋಡ್ಕೊಂಡೇ, ಹಂಗಾಗಿ ಡೀಲರ್ ರೇಟೂ ಏರತ್ತೆ. ದೊಡ್ಡ ಗಿರಾಕಿಗಳ ಜೊತೆ ಹೊಸ ರೇಟ್ ಕಾಂಟ್ರ್ಯಾಕ್ಟ್ ಮಾಡೋವಾಗ ಸ್ಟೀಲ್ ರೇಟ್ ಇಷ್ಟು ಶೇಕಡ ಮೀರಿ ಬದಲಾದ್ರೆ ನಮ್ಮ ರೇಟೂ ಬದಲಾಗತ್ತೆ ಅಂತ ಒಂದು ಸಾಲು ಸೇರಿಸೋಕೆ ಹಠ ಹಿಡೀರಿ.

ಎಷ್ಟು ವರ್ಷ, ಆಮೇಲೇನು

ಒಂದು ಸಲಕ್ಕೆ ಜಾಸ್ತಿ ಅಂದ್ರೆ 4 ವರ್ಷ, ಮುಂದುವರಿಸಿದ್ರೂ ಒಟ್ಟು 10 ದಾಟೋ ಹಂಗಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಇದ್ರೆ ವರ್ಷ ವರ್ಷ ಇಳಿಸ್ತಾ ಹೋಗ್ಬೇಕು, 12, 11.5, 11 ಅಂತ ಬಂದಿರೋದು ಅದಕ್ಕೇ, ಆದ್ರೆ ವರ್ಷಕ್ಕೆ ಅರ್ಧ ಪರ್ಸೆಂಟ್ ಇಳಿಕೆ ತೀರಾ ಕಮ್ಮಿ ಅಂತ ನನ್ನ ಅಭಿಪ್ರಾಯ. ಸೋಲಾರಲ್ಲಿ 25ರಿಂದ 20, ಆಮೇಲೆ 15 ಅಂತ ಎರಡು ವರ್ಷದೊಳಗೆ ಇಳಿಸಿದ್ರು.

ಮೂರು ವರ್ಷ ಅನ್ನೋ ಲೆಕ್ಕಕ್ಕೂ ಕಾರಣ ಇದೆ. ಇಂಪೋರ್ಟ್ ನಿಜವಾಗೂ ಟನ್ ಲೆಕ್ಕದಲ್ಲಿ ಏರಿದ್ದು, ಡ್ಯೂಟಿ ನಿಯಮದ ಪ್ರಕಾರ ಇದ್ರೆ, ಮೊದಲ ಮೂರು ವರ್ಷ ಬೇರೆ ದೇಶಗಳು ಅದಕ್ಕೆ ಪ್ರತಿಯಾಗಿ ನಮ್ಮ ಮಾಲಿನ ಮೇಲೆ ಸುಂಕ ಏರಿಸೋ ಹಂಗಿಲ್ಲ. ನಿಯಮದ ಪ್ರಕಾರ ಇಲ್ಲದಿದ್ರೆ ಏನಾಗತ್ತೆ ಅನ್ನೋದಕ್ಕೆ ಅಮೆರಿಕಾನೇ ಉದಾಹರಣೆ. 2002ರ ಮಾರ್ಚಲ್ಲಿ ಬುಷ್ ಸರ್ಕಾರ ಸ್ಟೀಲ್ ಮೇಲೆ 30%ವರೆಗೂ ಸೇಫ್‌ಗಾರ್ಡ್ ಹಾಕ್ತು, ಡಬ್ಲ್ಯುಟಿಓದಲ್ಲಿ ಸೋತು, ಯುರೋಪ್ ಪ್ರತೀಕಾರಕ್ಕೆ ಪಟ್ಟಿ ಸಿದ್ಧ ಮಾಡ್ಕೊಂಡು ನಿಂತಾಗ 2003ರ ಡಿಸೆಂಬರಲ್ಲಿ ವಾಪಸ್ ತಗೊಳ್ತು.

ಡ್ಯೂಟಿ ಇರೋ ಅಷ್ಟೂ ದಿನ ಬಳಸೋ ಯುನಿಟ್‌ಗಳು ಪ್ರತಿ ತಿಂಗಳ ಖರೀದಿ ರೇಟು, ಸಿಗದೇ ಹೋದ ಗ್ರೇಡು, ರೇಟಿಂದಾಗಿ ಕೈತಪ್ಪಿದ ಆರ್ಡರು ಇಷ್ಟನ್ನ ಒಂದು ಪುಸ್ತಕದಲ್ಲಿ ಬರೆದಿಡಿ. ಅವಧಿ ಮುಗಿಯೋ ಹೊತ್ತಿಗೆ ಇನ್ನೂ ಮುಂದುವರಿಸಿ ಅಂತ ತಯಾರಕರ ಅರ್ಜಿ ಬಂದ್ರೆ ಮತ್ತೆ ತನಿಖೆ, ಮತ್ತೆ ನೋಟಿಸ್. ಆಗ ಅರ್ಜಿದಾರರ ಸುಧಾರಣೆ ಪ್ಲಾನನ್ನ ಮುಂದಿಟ್ಟು ಇದರಲ್ಲಿ ಎಷ್ಟು ಮಾಡಿದೀರಿ ಅಂತ ಕೇಳೋಕೆ ನಿಮ್ಮ ಹತ್ರ ಈ ಪುಸ್ತಕ ಇರ್ಬೇಕು.